ಲೋಲಾಂಗಜ್ಜಿಯ ಬೆತ್ತ

"ಅದರ ತಂಟೆಗೆ ಹೋಗ್ಬೇಡ ಭಾವ," ಎಂದು ದಿಂಗಿತ್ ಹೇಳುವಷ್ಟರಲ್ಲಿ ತುಕಿರಾನ್ ಗೊಂಬೆಯ ಮುಂದೆ ಕುಕ್ಕರಗಾಲಲ್ಲಿ ಕೂತಾಗಿತ್ತು.

ಮೊಣಕೈ ಉದ್ದದ ಮರದ ಗೊಂಬೆ. ಬೆತ್ತದ ಮೆಳೆಯ ಬುಡದಲ್ಲಿ ನೆಟ್ಟಿದ್ದರು. ಹಂದಿಯ ರಕ್ತ ಬಳಿದೂ ಬಳಿದೂ ಕಪ್ಪಾಗಿದ್ದ ಅದರ ಮೈಯಿಂದ ಕೊಳೆತ ಮಾಂಸದ ನಾತ ಬರುತ್ತಿತ್ತು. ಅಗಲಕ್ಕೆ ತೆರೆದ ಬಾಯಿಯ ತುಂಬ ಬೆತ್ತದ ಮುಳ್ಳು ತುರುಕಿದ್ದರು. ಮರಗಳ ನೆತ್ತಿ ದಾಟಿ ಹತ್ತಿದ್ದ ಬಳ್ಳಿಗಳು ಕೊಕ್ಕೆಮುಳ್ಳಿನ ಚಾಟಿಗಳನ್ನು ಕೆಳಗೆ ಇಳಿಬಿಟ್ಟಿದ್ದವು. ಗಾಳಿಯಿಲ್ಲದಿದ್ದರೂ ಮೇಲೆಲ್ಲೋ ಸರಸರ ಸದ್ದು.

ಆ ಬೆತ್ತ ಲೋಲಾಂಗಜ್ಜಿಯದು. ಅವಳ ಗಂಡ ನೆಟ್ಟು ಬೆಳೆಸಿದ್ದು. ಅವನು ಸತ್ತ ಮೇಲೆ ಅಜ್ಜಿ ಅದಕ್ಕೆ ಕಟ್ಟು ಹಾಕಿದ್ದಳು. ಕೇಳದೆ ಕಡಿದವನ ಗಂಟಲಿಗೆ ಗೊಂಬೆಯ ಬಾಯಿಯ ಮುಳ್ಳು ಇಳಿಯುತ್ತದೆ. ಅವನು ಅಜ್ಜಿಯ ಮುಂದೆ ನಿಂತು ತಪ್ಪೊಪ್ಪಿಕೊಂಡರೆ ಮಾತ್ರ ಬಿಡುತ್ತದೆ. ಕೆಡಾಂಗ್ ಪಾಹು ನದಿಯ ಎರಡೂ ದಂಡೆಯವರಿಗೆ ಇದು ಗೊತ್ತಿತ್ತು.

ತುಕಿರಾನ್ ಜಾವಾದಿಂದ ಮರಗೆಲಸಕ್ಕೆ ಬಂದವನು. ದಿಂಗಿತನ ಅಕ್ಕ ಅಯಾಂಗಳನ್ನು ಮದುವೆಯಾಗಿ, ಹಲವು ಸಂಸಾರಗಳು ಒಂದೇ ಸೂರಿನಡಿ ಇರುವ, ಹೆಂಡತಿಯ ಕಡೆಯವರ ಉದ್ದಮನೆಯಲ್ಲೇ ಉಳಿದಿದ್ದ.

"ನಮ್ಮೂರಲ್ಲಿ ಇಂಥದ್ದನ್ನ ಗದ್ದೇಲಿ ಹಕ್ಕಿ ಓಡ್ಸೋಕೆ ನಿಲ್ಲಿಸ್ತೀವಿ," ಎಂದು ನಕ್ಕ. ಗೊಂಬೆಯ ಬಾಯಿಂದ ಒಂದು ಮುಳ್ಳು ಕಿತ್ತು ಹಲ್ಲಿನ ಸಂದಿ ಕೆದಕಿಕೊಂಡ. ದಿಂಗಿತ್ ನಗಲಿಲ್ಲ. ಮುಖ ತಿರುಗಿಸಿ ನಡೆದುಬಿಟ್ಟ.

ಅಯಾಂಗ್ ಬಸುರಿಯಾಗಿದ್ದಳು. ಹೆರಿಗೆಯಾಗುವುದರೊಳಗೆ ತನ್ನದೇ ಮನೆಗೆ ಸೂರು ಹೊದಿಸಬೇಕೆಂಬ ಹಟ ತುಕಿರಾನ್‌ಗೆ. ಜಂತೆ ಬಿಗಿಯಲು ಬಲಿತ ಬೆತ್ತ ಬೇಕು. ಮಾವನ ತೋಟದ್ದು ಇನ್ನೂ ಎಳೆಯದು. ಅಜ್ಜಿಯನ್ನು ಕೇಳಿದರೆ ಕೊಡುತ್ತಿದ್ದಳೋ ಏನೋ. ಅವನು ಕೇಳಲಿಲ್ಲ. ಒಂದು ಮಧ್ಯಾಹ್ನ ಒಬ್ಬನೇ ಕತ್ತಿ ಹಿಡಿದು ಹೋದ.

ಬುಡ ಕಡಿದು ಬಳ್ಳಿ ಎಳೆದಾಗ ಮೇಲೆ ಒಣಕೊಂಬೆ ಮುರಿಯಿತು. ಕತ್ತಲೆಯೇ ಕುಸಿದಂತೆ ಎಲೆಗಳು ಸುರಿದವು. ಚಾಟಿಯೊಂದು ಬೆನ್ನಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡಷ್ಟೂ ಇನ್ನೊಂದು, ಮತ್ತೊಂದು. ಹಸಿ ಬೆತ್ತದ ಕಹಿ ವಾಸನೆ ಮೂಗಿಗೆ ಅಡರಿತು. ಆದರೂ ಬೇಕಾದಷ್ಟು ಎಳೆದು, ಸಿಪ್ಪೆ ಸುಲಿದು, ಸುರುಳಿ ಸುತ್ತಿ ನದಿಯ ದಂಡೆಗೆ ತಂದ. ಮೇಲಿನ ಊರಿನವನೊಬ್ಬ ಕೊಟ್ಟ ಎಂದು ದಿಂಗಿತನಿಗೆ ಹೇಳಿದ. ಭಾವನ ಮಾತು ನಂಬಿ ದಿಂಗಿತ್ ಸುರುಳಿಗಳನ್ನು ಹೆಗಲ ಮೇಲೆ ಹೊತ್ತು ತಂದದ್ದನ್ನು ಊರೆಲ್ಲ ನೋಡಿತು.

ಅದನ್ನೇ ಊರು ನೆನಪಿಟ್ಟುಕೊಂಡಿತು. ಕಳವು ತಿಳಿದಾಗ ಉದ್ದಮನೆಯ ಜಗಲಿಯಲ್ಲಿ ಹಿರಿಯರು ಸೇರಿ ದಿಂಗಿತನನ್ನು ಕರೆಸಿದರು. ಅವನು ಒಮ್ಮೆ ತುಕಿರಾನ್ ಕಡೆ ನೋಡಿದ. ತುಕಿರಾನ್ ನೆಲ ನೋಡಿದ.

"ನಾನು ಕಡ್ದಿಲ್ಲ," ಎಂದ ದಿಂಗಿತ್. ಮತ್ತೆ ಯಾರು ಎಂದು ಕೇಳಿದ್ದಕ್ಕೆ ಬಾಯಿ ಬಿಡಲಿಲ್ಲ.

ಹಾಗಾದರೆ ನದಿಯೇ ಹೇಳಲಿ ಎಂದು ತೀರ್ಮಾನವಾಯಿತು. ಮಡುವಿನಲ್ಲಿ ನೆಟ್ಟ ಕಂಬ ಹಿಡಿದು ಮುಳುಗಬೇಕು. ಹಿರಿಯನೊಬ್ಬ ಎಲೆಯಡಿಕೆ ಅಗಿದು ಮುಗಿಸುವವರೆಗೆ ಕೆಳಗೇ ಇರಬೇಕು. ಸಾಚಾ ಮನುಷ್ಯನನ್ನು ನದಿ ಹಿಂದಕ್ಕೆ ಕೊಡುತ್ತದೆ. ಕಳ್ಳನನ್ನು ಕೊಡುವುದಿಲ್ಲ.

ಆ ಹೊತ್ತಿಗಾಗಲೇ ತುಕಿರಾನನ ಗಂಟಲಲ್ಲಿ ಏನೋ ಚುಚ್ಚುತ್ತಿತ್ತು. ಮೊದಲು ಮೀನಿನ ಮುಳ್ಳೆಂದುಕೊಂಡ. ಅನ್ನದ ಉಂಡೆ ನುಂಗಿ ನೋಡಿದ. ಅದು ಇನ್ನೂ ಒಳಕ್ಕಿಳಿಯಿತು. ಉಗುಳಿದರೆ ರಕ್ತ. ನೀರು ಕುಡಿದರೂ ಕಣ್ಣಲ್ಲಿ ನೀರು. ಮಲಗಿದರೆ ಕೊರಳೊಳಗೆ ಏನೋ ಕೊಕ್ಕೆ ಹಾಕಿ ಹತ್ತುತ್ತಿರುವ ಸದ್ದು, ಆ ಮೆಳೆಯ ಸರಸರ ಸದ್ದೇ. ಹೋಗಿ ಹೇಳಿಬಿಡಬೇಕು ಎಂದು ಎರಡು ಸಲ ಕಂಬಗಳ ಮೇಲಿದ್ದ ಅಜ್ಜಿಯ ಮನೆಯ ಏಣಿಯವರೆಗೂ ಹೋದ. ಹೆಂಡತಿಯ ಮನೆಯವರೆದುರು ಕಳ್ಳನಾಗಿ ನಿಲ್ಲುವುದನ್ನು ನೆನೆದು ಹಿಂದಿರುಗಿದ.

ನದಿಗಿಳಿಯುವ ಹಿಂದಿನ ದಿನ ಮಧ್ಯಾಹ್ನ, ನೋವು ನಿಂತುಬಿಟ್ಟಿತು. ದೀಪ ಊದಿದ ಹಾಗೆ. ತುಕಿರಾನ್ ಹೊಟ್ಟೆ ತುಂಬ ಉಂಡ. ಎಲ್ಲಾ ಬರೀ ಹೆದರಿಕೆ, ದಿಂಗಿತ್ ಒಳ್ಳೆಯ ಈಜುಗಾರ, ನಾಳೆ ಎದ್ದು ಬರುತ್ತಾನೆ, ಕತೆ ಮುಗಿಯುತ್ತದೆ ಎಂದುಕೊಂಡ. ಮರುದಿನ ಬೆಳಿಗ್ಗೆ ದಿಂಗಿತ್ ಅನ್ನ ಮುಟ್ಟಲಿಲ್ಲ. ಕರೆದರೆ ತಲೆಯಾಡಿಸಿದ. ಕೊರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

ಕಂದು ನೀರು. ಮಂಜು. ದಂಡೆಯ ತುಂಬ ಜನ. ದಿಂಗಿತ್ ಕಂಬ ಹಿಡಿದು ಮುಳುಗಿದ. ಹಿರಿಯ ಅಗಿಯತೊಡಗಿದ. ಗುಳ್ಳೆಗಳು ಬಂದವು. ಆಮೇಲೆ ಕಡಿಮೆಯಾದವು. ಎದುರು ಕೂತಿದ್ದ ಲೋಲಾಂಗಜ್ಜಿ ನೀರನ್ನು ನೋಡುತ್ತಿರಲಿಲ್ಲ, ತುಕಿರಾನ್‌ನನ್ನು ನೋಡುತ್ತಿದ್ದಳು. ಅವನ ಗಂಟಲು ತೆರೆದಿತ್ತು. ನಾಲಿಗೆ ಆಡುತ್ತಿತ್ತು. ಹೇಳಬಹುದಿತ್ತು. ಇನ್ನೊಂದು ಗಳಿಗೆ ನೋಡೋಣ ಎಂದುಕೊಂಡ.

ಹಿರಿಯ ಉಗುಳಿದ. ಯಾರೂ ಮೇಲೆ ಬರಲಿಲ್ಲ.

ತುಕಿರಾನ್ ಹಾರಿದ. ಕಣ್ಣಿಗೆ ಕತ್ತಲು. ಕೈಗೆ ಕಂಬ ಸಿಕ್ಕಿತು. ಭುಜ ಸಿಕ್ಕಿತು. ಎಳೆದ. ಬರಲಿಲ್ಲ. ಕೊರಳು ತಡವಿದ. ಮುಳ್ಳು. ದಿಂಗಿತನ ತೆರೆದ ಬಾಯಿಂದ ಹೊರಟ ಬೆತ್ತದ ಚಾಟಿ ಕಂಬಕ್ಕೆ ಸುತ್ತಿತ್ತು. ಕಿತ್ತ. ಅಂಗೈ ಹರಿಯಿತು. ಮತ್ತೆ ಕಿತ್ತ. ಉಸಿರು ಕಟ್ಟಿತು. ಎದೆ ಒಡೆಯುವಂತಾಯಿತು. ಕೈಯೊಳಗಿದ್ದದ್ದು ಒಮ್ಮೆಲೇ ಸಡಿಲಿತು.

ದಂಡೆಗೆ ತಂದು ಮಲಗಿಸಿದಾಗ ದಿಂಗಿತನ ಬಾಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಮೈ ತಣ್ಣಗಿತ್ತು.

"ಕಡ್ದವನು ನಾನು," ಎಂದ ತುಕಿರಾನ್. ಎಲ್ಲರಿಗೂ ಕೇಳುವಂತೆ ಹೇಳಿದ. ಅತ್ತೆಯ ಕಾಲು ಹಿಡಿದು ಹೇಳಿದ.

ಯಾರೂ ನಂಬಲಿಲ್ಲ. ನದಿ ಆಗಲೇ ಹೇಳಿಯಾಗಿತ್ತು. ಹಿರಿಯರು ಅವನ ಹರಿದ ಅಂಗೈಗೆ ಮದ್ದು ಕಟ್ಟಿದರು. ಸತ್ತ ಭಾವಮೈದುನನ ಹೆಸರು ಉಳಿಸಲು ಕಳ್ಳತನವನ್ನೇ ತಲೆಗೆ ಕಟ್ಟಿಕೊಳ್ಳುವವನು ಹೊರಗಿನವನಲ್ಲ, ನಮ್ಮವನೇ ಎಂದು ಕಣ್ಣೊರೆಸಿಕೊಂಡರು.

ಅಂತ್ಯಕ್ರಿಯೆ ಕಳೆದ ಮೇಲೆ ಅವನು ಅಜ್ಜಿಯ ಏಣಿ ಹತ್ತಿದ. ಅವಳು ಬೆತ್ತ ಸೀಳುತ್ತಿದ್ದಳು. ತಲೆ ಎತ್ತಲಿಲ್ಲ.

"ಗೊತ್ತು," ಎಂದಳು. "ಅವನು ನೀರಿಗಿಳಿಯೋ ಹಿಂದಿನ ದಿನ ಮಧ್ಯಾಹ್ನ ಬಂದಿದ್ದ. ಅಕ್ಕನ ಹೊಟ್ಟೇಲಿ ಕೂಸಿದೆ, ಅದಕ್ಕೆ ಅಪ್ಪ ಬೇಕು ಅಂದ. ಕಟ್ಟು ಬಿಚ್ಚೋಕೆ ಕಡಿದವನೇ ಬರ್ಬೇಕು, ನನ್ನಿಂದ ಆಗಲ್ಲ ಅಂದೆ. ಹಾಗಾದ್ರೆ ನನ್ನ ಕೊರಳಿಗೆ ಹಾಕು ಅಂತ ಕೂತುಬಿಟ್ಟ."

"ನೀನು ಹಾಕಿದ್ಯಾ ಅಜ್ಜಿ?"

"ಹಾಕ್ದೆ. ಬೆಳಗಾಗೋದ್ರೊಳಗೆ ನೀನು ಬಂದು ಹೇಳ್ತೀಯ ಅಂದ್ಕೊಂಡಿದ್ದೆ. ದಂಡೇಲೂ ನಿನ್ನ ಬಾಯಿನೇ ನೋಡ್ತಾ ಕೂತಿದ್ದೆ." ಅವಳ ಕತ್ತಿ ನಿಂತಿತು. "ನನಗೂ ಪಾಪ ಉಂಟು. ಇಲ್ಲ ಅನ್ನಲ್ಲ."

ಅದನ್ನು ತನಗೇ ತಿರುಗಿ ಹಾಕೆಂದು ತುಕಿರಾನ್ ನೆಲಕ್ಕೆ ಹಣೆ ಹಚ್ಚಿ ಬೇಡಿದ.

"ಹಾಕೋಕೆ ಏನುಳಿದಿದೆ ಮಗಾ? ಅದಕ್ಕೆ ಹೊಟ್ಟೆ ತುಂಬಿದೆ. ಇನ್ನು ನಿನ್ನನ್ನ ಮುಟ್ಟಲ್ಲ."

ಮುಟ್ಟಲಿಲ್ಲ. ತುಕಿರಾನ್‌ಗೆ ಮುಂದೆ ಒಂದು ಜ್ವರವೂ ಬರಲಿಲ್ಲ. ಗಂಡುಮಗು ಹುಟ್ಟಿತು. ಉದ್ದಮನೆಯ ಜಗಲಿಯಲ್ಲಿ ಹಿರಿಯರು ಅವನಿಗೆ ತಮ್ಮ ಪಕ್ಕದಲ್ಲೇ ಜಾಗ ಬಿಡತೊಡಗಿದರು. ಕುಡಿದಾಗಲೊಮ್ಮೆ, ಕುಡಿಯದೆಯೂ ಒಮ್ಮೆ, ಅವನು ಅಯಾಂಗಳಿಗೆ ನಡೆದದ್ದೆಲ್ಲವನ್ನೂ ಮೊದಲಿನಿಂದ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಸಾಕು ಬಿಡಿ," ಎಂದಳು. "ನನ್ನ ತಮ್ಮ ಕಳ್ಳ ಆಗಿದ್ರೂ ನೀವು ಅವನನ್ನ ಬಿಟ್ಟುಕೊಡ್ಲಿಲ್ಲ. ನನಗಷ್ಟು ಸಾಕು."

ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಅವನು ಉಂಡ.