ಖಾನಾವಳಿಯ ಮತ್ಸ್ಯವಾಣಿ

“ಸಾಕು. ಹೊಟ್ಟೆ ತುಂಬಿದೆ,” ಎಂದು ಗಾಜಿನ ತೊಟ್ಟಿಯ ಮೇಲಿದ್ದ ಮತ್ಸ್ಯವಾಣಿ ಯಂತ್ರ ಹೇಳಿತು.

ಕೇಳಿದ ಕೂಡಲೇ ಶಿವಗಂಗವ್ವ ಇನ್ನೊಂದು ಚೂರು ರೊಟ್ಟಿ ಮುರಿದು ನೀರಿಗೆ ಹಾಕಿದಳು. ಹುಬ್ಬಳ್ಳಿಯಲ್ಲಿ ಮೊದಲ ಸಲ ‘ಸಾಕು’ ಎಂದವರಿಗೆ ಬಡಿಸದೆ ಬಿಟ್ಟರೆ ಅದು ಅವಮಾನ. ಎರಡನೆಯ ‘ಸಾಕು’ ಬರೀ ಮರ್ಯಾದೆಯದು. ಮೂರನೆಯದಕ್ಕೆ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೇಕಾದರೆ ವಿಚಾರ ಮಾಡಬಹುದು. ಮೀನಿಗೆ ಕೈಯಿಲ್ಲ.

ಇಸವಿ ಎರಡು ಸಾವಿರದ ಅರವತ್ತೆಂಟರಲ್ಲಿ ಈ ಯಂತ್ರ ಹೊಸದು. ಮೀನಿನ ಹೊಟ್ಟೆಯ ಉಬ್ಬರವನ್ನು ಶಬ್ದತರಂಗದಿಂದ ಅಳೆದು, ಕಿವಿರಿನ ಬಡಿತ ಎಣಿಸಿ, ಅದನ್ನು ಮನುಷ್ಯರ ಮಾತಿಗೆ ತಿರುಗಿಸುತ್ತಿತ್ತು. ಸುತ್ತಲಿನವರ ಮಾತು ಕೇಳಿ ತಾನೂ ಕಲಿಯುತ್ತಿತ್ತು. ದಿನಕ್ಕೆ ಒಮ್ಮೆ, ಮಧ್ಯಾಹ್ನ ಹನ್ನೆರಡಕ್ಕೆ, ತನ್ನೊಳಗಿನ ಮುಚ್ಚಿದ ಡಬ್ಬಿಯಿಂದ ಒಂದು ಚಿಟಿಕೆ ಮೇವು ಉದುರಿಸುತ್ತಿತ್ತು. ಮೀನಿಗೆ ಬೇಕಾದದ್ದು ಅಷ್ಟೇ.

ಅದನ್ನು ತಂದವನು ಶಿವಗಂಗವ್ವನ ಗಂಡ ಚನ್ನವೀರಪ್ಪ. ಮನೆಯ ಮುಂದಿನ ಪಡಸಾಲೆಯಲ್ಲಿ ಆಕೆ ಖಾನಾವಳಿ ನಡೆಸುತ್ತಿದ್ದಳು. ಅಲ್ಲಿ ಮೂಲೆಯಲ್ಲೊಂದು ಕಡಲಿರಬೇಕು ಎಂಬ ಹುಚ್ಚು ಆತನಿಗೆ ಹೇಗೋ ಹತ್ತಿತ್ತು. ಮೊದಲ ಸಲ ಬೆಳಿಗ್ಗೆ ಉಪ್ಪುನೀರು ತುಂಬಿಸಿ ಸಂಜೆಗೆ ಮೀನು ಬಿಟ್ಟಿದ್ದ. ಎಂಟು ದಿನಕ್ಕೆ ಎಲ್ಲ ಮುಗಿಯಿತು. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಎಂಬ ವಿಷ ಏಳುತ್ತದೆ. ಅದನ್ನು ತಿಂದು ತೀರಿಸುವ ಕಣ್ಣಿಗೆ ಕಾಣದ ಜೀವಿಗಳು ತೊಟ್ಟಿಯ ಕಲ್ಲುಗಳ ಮೇಲೆ ಬೆಳೆಯಲು ಆರು ವಾರ ಬೇಕು. ಎರಡನೆಯ ಸಲ ಆತ ಆರು ವಾರವೂ ಖಾಲಿ ತೊಟ್ಟಿಯ ಮುಂದೆ ಕೂತ. ಆವಿಯಾದಷ್ಟು ನೀರಿಗೆ ಸಿಹಿನೀರು ಮಾತ್ರ ಸೇರಿಸಿದ, ಉಪ್ಪು ಆವಿಯಾಗುವುದಿಲ್ಲವಲ್ಲ.

“ಏನೋ ಚನ್ನವೀರಾ, ನೀರು ಸಾಕೀಯೇನು?” ಎಂದು ದಿನದ ಗಿರಾಕಿ ಹಂಚಿನಮನಿ ಮಾಸ್ತರರು ಕೇಳುತ್ತಿದ್ದರು.

ಕಡೆಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು ಬಂದವು. ಶುದ್ಧ ಶಾಕಾಹಾರಿ ಎಂಬ ಫಲಕದ ಕೆಳಗೆ ಚನ್ನವೀರಪ್ಪ ಇನ್ನೊಂದು ಫಲಕ ತೂಗುಹಾಕಿದ: ಇವು ನೋಡಲು ಮಾತ್ರ.

“ಇವೂ ಸತ್ರ ಈ ತೊಟ್ಟಿಯೊಳಗ ನಾ ಮಾವಿನಕಾಯಿ ಉಪ್ಪಿನಕಾಯಿ ಹಾಕ್ತೀನ್ರಿ,” ಎಂದಳು ಶಿವಗಂಗವ್ವ. “ಉಪ್ಪುನೀರು ಹೆಂಗೂ ತಯಾರ ಐತಿ.”

ಸಾಯುವ ಲಕ್ಷಣವೇ ಕಂಡಿತು. ಊಟಕ್ಕೆ ಬಂದ ನೂರಾನಲವತ್ತು ಜನ ಒಂದೊಂದು ತುತ್ತು ಮೀನಿಗೆ ಹಾಕಿಯೇ ಉಣ್ಣುತ್ತಿದ್ದರು. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯಾ ಏರಿತು. ಒಂದು ಮೀನು ಪಕ್ಕಕ್ಕೆ ವಾಲಿ ಈಜತೊಡಗಿದಾಗ ಚನ್ನವೀರಪ್ಪ ಯಂತ್ರ ಕಟ್ಟಿದ ವಿಜ್ಞಾನಿಯನ್ನೇ ಕರೆಸಿದ. ಮಲ್ಪೆಯ ಡಾ. ಹೇಮಲತಾ ಪುತ್ರನ್ ಊಟದ ಹೊತ್ತಿಗೆ ಸರಿಯಾಗಿ ಬಂದಿಳಿದರು.

“ಎಂತ ಮಾರ್ರೆ ಇದು, ಕಡಲಾ ಗಟಾರವಾ? ಅದು ಸಾಕು ಅಂತ ಹೇಳ್ತದಲ್ಲ, ನಿಮಗೆ ಕೇಳುದಿಲ್ವಾ?”

“ಕೇಳತೈತ್ರಿ ಬಾಯಾರ,” ಎಂದಳು ಶಿವಗಂಗವ್ವ. “ಭಾಳ ಮರ್ಯಾದಸ್ಥ ಮೀನದಾವ.”

“ಸಾಕು ಅಂದ್ರೆ ಹೊಟ್ಟೆ ತುಂಬಿದೆ ಅಂತ.”

“ನಮ್ಮ ಅಳಿಯಾನೂ ಹಂಗ ಅಂತಾನ. ಹನ್ನೊಂದು ರೊಟ್ಟಿ ತಿಂತಾನ.”

ಡಾಕ್ಟರು ಯಂತ್ರದ ದನಿ ಏರಿಸಿದರು. “ಪಾಪ, ಹಸಿವಿಗೆ ಸಿಟ್ಟು ಬಂದೈತಿ,” ಎಂದು ಜನ ಶೇಂಗಾ ಹೋಳಿಗೆ ಹಾಕಿದರು. ಡಾಕ್ಟರು ಯಂತ್ರದಿಂದ ‘ನಾವು ಸಾಯುತ್ತಿದ್ದೇವೆ’ ಎಂದು ಹೇಳಿಸಿದರು. “ಊಟದ ಮುಂದ ಅಂಥಾ ಮಾತ ಆಡಬಾರದವಾ,” ಎಂದು ಹಂಚಿನಮನಿ ಮಾಸ್ತರರು ಬುದ್ಧಿ ಹೇಳಿ ಒಂದು ಚೂರು ಝುಣಕದ ವಡಿ ಹಾಕಿದರು.

ಸೋತ ಡಾಕ್ಟರು ತಾವೂ ಊಟಕ್ಕೆ ಕೂತರು. ಏಳನೆಯ ರೊಟ್ಟಿಯ ಹೊತ್ತಿಗೆ, ಮಾತಾಡಲೂ ಉಸಿರು ಸಾಲದೆ, ಅವರಿಗೆ ಮೀನಿನ ಪಾಡು ತಿಳಿಯಿತು.

“ಮಾಸ್ತರೇ, ಈ ಊರಲ್ಲಿ ತಪ್ಪಿಸ್ಕೊಳ್ಳುದು ಹೇಗೆ?”

“ಮೊದಲ ನೀವ ಕೇಳಬೇಕ್ರಿ. ನಿಮ್ದು ಊಟ ಆತೇನ್ರಿ? ಅಂತ. ಆತು, ನಿಮ್ದು? ಅಂತಾರ. ನಮ್ದೂ ಈಗ ಆತ್ರಿ ಅನ್ನೂದು. ಉಂಡವರಿಗೆ ಯಾರೂ ಒತ್ತಾಯ ಮಾಡಂಗಿಲ್ಲ.”

ಡಾಕ್ಟರು ಅಷ್ಟನ್ನೇ ಯಂತ್ರಕ್ಕೆ ಕಲಿಸಿದರು. ಅರ್ಧ ನೀರು ಬದಲಿಸಿ ಊರಿಗೆ ಹೋದರು. ಮರುದಿನದಿಂದ ತೊಟ್ಟಿಯ ಹತ್ತಿರ ಕೈ ಚಾಚಿದವರನ್ನೆಲ್ಲ ಮತ್ಸ್ಯವಾಣಿ ವಿಚಾರಿಸಿತು. ಜನ ವಾಡಿಕೆಯಂತೆ ‘ಆತು’ ಎಂದು ಉತ್ತರ ಕೊಟ್ಟು, ಮೀನಿನದೂ ಆಯಿತೆಂದು ಕೇಳಿ, ಸಮಾಧಾನದಿಂದ ರೊಟ್ಟಿಯನ್ನು ತಮ್ಮ ಬಾಯಿಗೇ ಹಾಕಿಕೊಂಡರು. ಎದುರು ನಿಂತವರ ಊಟ ಆಯಿತೆಂದು ಕೇಳದೆ ಯಂತ್ರ ಈಗ ತನ್ನ ಮೇವನ್ನೂ ಉದುರಿಸುತ್ತಿರಲಿಲ್ಲ. ಹನ್ನೆರಡಕ್ಕೆ ಚನ್ನವೀರಪ್ಪ ತೊಟ್ಟಿಯ ಮುಂದೆ ನಿಂತು “ನಂದು ಆತು” ಎನ್ನುತ್ತಿದ್ದ, ಚಿಟಿಕೆ ಮೇವು ಬೀಳುತ್ತಿತ್ತು. ಆತನ ಊಟ ಹನ್ನೊಂದಕ್ಕೇ ಮುಗಿದಿರುತ್ತಿತ್ತು. ವಾಲಿದ್ದ ಮೀನು ನೆಟ್ಟಗಾಯಿತು.

ಮೂರು ವಾರದ ನಂತರ ಒಂದು ದಿನ ಆತ ಸಿಹಿನೀರು ತರಲು ಹೋಗಿದ್ದಾಗ ಹನ್ನೆರಡಾಯಿತು. ಶಿವಗಂಗವ್ವ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು.

“ನಿಮ್ದು ಊಟ ಆತೇನ್ರಿ?”

ಆಕೆ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಖಾನಾವಳಿ ತೆರೆದ ಇಪ್ಪತ್ತಾರು ವರ್ಷದಲ್ಲಿ ಆ ಪ್ರಶ್ನೆಯನ್ನು ಆಕೆ ಕೇಳಿದ್ದಳು, ಆಕೆಯನ್ನು ಯಾರೂ ಕೇಳಿರಲಿಲ್ಲ.

“ಇಲ್ಲಪಾ,” ಎಂದಳು. “ನಂದು ನಾಕಕ್ಕ.”

ಈ ಉತ್ತರಕ್ಕೆ ಏನು ಹೇಳಬೇಕೆಂದು ಡಾಕ್ಟರು ಕಲಿಸಿರಲಿಲ್ಲ. ಪಡಸಾಲೆಯಲ್ಲಿ ಕೇಳಿ ಕಲಿತದ್ದನ್ನು ಯಂತ್ರವೇ ಹೇಳಿತು: “ಹಂಗಾರ ಬರ್ರಿ, ಕೂಡಿ ಉಣ್ಣೂಣು.” ಮೇವು ಬೀಳಲಿಲ್ಲ.

ಕೊಡ ಹೊತ್ತು ಬಂದ ಚನ್ನವೀರಪ್ಪ “ನಂದು ಆತು” ಎಂದ. “ಅಕ್ಕಾರದು ಆಗಿಲ್ಲ,” ಎಂದಿತು ಯಂತ್ರ. ಒಂದು ಗಂಟೆಯಾಯಿತು. ಮೀನುಗಳು ಗಾಜಿಗೆ ಮೂತಿ ಹಚ್ಚಿ ನಿಂತವು.

“ಆತು ಅಂತ ಒಂದ ಮಾತು ಅಂದ್ಬಿಡ,” ಎಂದು ಚನ್ನವೀರಪ್ಪ ಹೆಂಡತಿಗೆ ಹೇಳಿದ.

“ಅನ್ನದ ಮುಂದ ನಿಂತು ಸುಳ್ಳು ಹೇಳಂಗಿಲ್ರಿ ನಾ. ಒಲಿ ಬಿಟ್ಟು ಕುಂತರ ನಿಮ್ಮ ಗಿರಾಕಿಗೆ ರೊಟ್ಟಿ ಯಾರು ಬಡೀತಾರ?”

ಆತ ಮಲ್ಪೆಗೆ ಫೋನು ಮಾಡಿದ. “ಮೆಷಿನ್ ಕೆಟ್ಟೈತ್ರಿ ಬಾಯಾರ.”

“ಅದು ಕೆಡ್ಲಿಲ್ಲ ಮಾರ್ರೆ. ಈ ಮೂರು ವಾರದಲ್ಲಿ ನಿಮ್ಮದು ಅರವತ್ತನೇ ಫೋನು. ಈ ಮೆಷಿನ್ ಇರುವ ಎಲ್ಲಾ ಮನೆಗೂ ಇದನ್ನೇ ಕಲಿಸಿದ್ದೆ. ಎಲ್ಲಾ ಗಂಡಸರೂ ಕೆಟ್ಟಿದೆ ಅಂತಾರೆ, ಎಲ್ಲಾ ಮನೆಯಲ್ಲೂ ಹೆಂಗಸಿನ ಊಟ ಆಗ್ಲಿಲ್ಲ. ನಿಮಗೆ ರೊಟ್ಟಿ ಮಾಡ್ಲಿಕ್ಕೆ ಬರ್ತದಾ?”

ಚನ್ನವೀರಪ್ಪ ಅಂಗಿಯ ತೋಳು ಮೇಲೇರಿಸಿ ಒಲೆಯ ಮುಂದೆ ಕೂತ. ನಲವತ್ತು ಗಿರಾಕಿಗಳು ಖಾಲಿ ತಾಟು ಹಿಡಿದು ಕಾದರು. ಮೂರನೆಯ ಪ್ರಯತ್ನಕ್ಕೆ ಅಂಚು ಕರಕಲಾಗಿ ನಡುವೆ ಹಸಿ ಉಳಿದ ಒಂದು ಪದಾರ್ಥ ತಯಾರಾಯಿತು. ಅದನ್ನು ತಾಟಿಗೆ ಹಾಕಿ ಆತ ಹೆಂಡತಿಯ ಮುಂದಿಟ್ಟ.

ಶಿವಗಂಗವ್ವ ಪೂರ್ತಿ ತಿಂದಳು. “ಆತು,” ಎಂದಳು. ಮೇವು ಬಿತ್ತು, ಮೀನುಗಳು ಮೇಲೆ ಬಂದವು, ಗಿರಾಕಿಗಳು ತಾಟು ಮುಂದೆ ಚಾಚಿದರು.

ಆಕೆ ಏಳಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಕಾಲು ಚಾಚಿ, “ಪಲ್ಯಾ ಎಲ್ಲೈತ್ರಿ?” ಎಂದು ಗಂಡನನ್ನು ಕೇಳಿದಳು.