ಬೀಗರು ಬರ್ತಾರ

ಎರಡನೆಯ ಮಹಾಯುದ್ಧದ ಲಡಾಯಿ ನಡೆದಿದ್ದ ಕಾಲದ ಮಾತು. ಗೋಕಾಕದ ಪೇಟೆಯಲ್ಲಿ ಒಂದು ಛಾಪಖಾನೆ, ಅದರ ಮಾಡಿಯ ಮೇಲೆ ಮುರಿಗೆಪ್ಪ ಮಾಸ್ತರರು ಪತ್ರಿಕೆಯ ಕೆಲಸ ಕಲಿಸುವ ಸಾಲೆ ತೆಗೆದಿದ್ದರು. ಊರವರು ಅದಕ್ಕೆ ಬಾತ್ಮಿ ಸಾಲಿ, ಅಂದರೆ ಸುದ್ದಿಯ ಸಾಲೆ, ಅನ್ನುತ್ತಿದ್ದರು. ಕಾಗದ ಸಿಗುವುದೇ ಕಷ್ಟ, ಹಾಗಾಗಿ ಹುಡುಗರು ಬರೆದ ಸುದ್ದಿಯೆಲ್ಲ ಕೆಳಗೆ ಬಾಗಿಲ ಬಾಜೂ ತೂಗಿದ ಕರಿಹಲಗೆಗೆ ಹೋಗುತ್ತಿತ್ತು. ಎಡಕ್ಕೆ 'ಸಾಲೆಯ ಸುದ್ದಿ', ಬಲಕ್ಕೆ 'ಮುಂದಿನ ಕಾರ್ಯಕ್ರಮ'. ಸಂತೆಗೆ ಬಂದವರು ಗಂಟು ಕೆಳಗಿಟ್ಟು, ಓದಿ, ಇಲ್ಲವೇ ಓದಿಸಿಕೊಂಡು ಹೋಗುತ್ತಿದ್ದರು.

ಆ ಸಾಲೆಗೆಲ್ಲ ಒಬ್ಬಳೇ ಹುಡುಗಿ, ಜಿನ್ನವ್ವ. ಮೂಡಲಗಿಯ ವ್ಯಾಪಾರಿ ನೇಮಣ್ಣನ ಮಗಳು. ಗೋಕಾಕದಲ್ಲಿ ಸೋದರತ್ತೆ ಗೌರಕ್ಕನ ಮನೆಯಲ್ಲಿದ್ದು ಕಲಿಯುತ್ತಿದ್ದಳು. ಹಲಗೆ ಬರೆಯುವ ಪಾಳಿ ಅವಳದೂ ಪದ್ಮರಾಜನದೂ. ಪದ್ಮರಾಜ ಅವಳ ಹಾಗೆಯೇ ಜೈನರ ಹುಡುಗ, ಆದರೆ ಮೈಸೂರು ಸೀಮೆಯವನು. ಇಲ್ಲಿ ಮಿಲ್ಲಿನಲ್ಲಿ ಕಾರಕೂನನಾಗಿದ್ದ ಕಾಕಾನ ಮನೆಗೆ ಬಂದಿದ್ದ.

"ಸಭೆ ಐತಿ ಅಂತ ಬರೆದಿದ್ದೀರಲ್ರೀ. ಇದೆ ಅಂತ ಬರೀಬೇಕು" ಅನ್ನುವನು.

"ಬಾಯಾಗ ಐತಿ, ಹಲಗಿ ಮ್ಯಾಲ ಇದೆ. ಅಷ್ಟ ನನಗೂ ಗೊತ್ತೈತ್ರಿ" ಅನ್ನುವಳು ಅವಳು, ಒರೆಸಿ ತಿದ್ದುತ್ತ.

ಅವನು ನಗುವಾಗ ಹುಬ್ಬಿನ ಮೇಲೆ ಸುಣ್ಣದ ಕಡ್ಡಿಯ ಬಿಳಿ ಪುಡಿ ಕುಳಿತಿರುತ್ತಿತ್ತು. ಜಿನ್ನವ್ವ ಹೇಳುತ್ತಿರಲಿಲ್ಲ. ಹೇಳಿದರೆ ಒರೆಸಿಕೊಳ್ಳುತ್ತಾನಲ್ಲ. ಇಡೀ ದಿನ ಆ ಬಿಳಿ ಹುಬ್ಬನ್ನು ಓರೆಗಣ್ಣಿಂದ ನೋಡುವ ಸುಖ ಅವಳಿಗೆ ಬೇಕಿತ್ತು.

ಕಲಿಕೆ ಮುಗಿಯುತ್ತ ಬಂತು. ರವಿವಾರ ಮುಕ್ತಾಯದ ಸಭೆ, ಮಂಗಳವಾರ ಪದ್ಮರಾಜ ರೈಲು ಹತ್ತಿ ತನ್ನ ಸೀಮೆಗೆ ಹೊರಡುವವನು. ಇವನು ಏನಾದರೂ ಅಂದಾನು ಎಂದು ಜಿನ್ನವ್ವ ಕಾದಳು. ಶುಕ್ರವಾರ ಅವನ ಬಾಯಿ ಬಿಚ್ಚಿತು.

"ಭಾನುವಾರ ಸಭೆ ಆದಮೇಲೆ ಸ್ವಲ್ಪ ನಿಲ್ತೀರಾ? ನಿಮ್ಮ ಹತ್ತಿರ ಒಂದು ಮಾತಿತ್ತು."

"ರವಿವಾರ ಆಗೂದಿಲ್ರಿ. ಮನಿಗೆ ಬೀಗರು ಬರ್ತಾರ, ಹುಕ್ಕೇರಿಯಿಂದ. ಮೂಡಲಗಿಗೆ ಹೋಗಬೇಕು. ಈಗ ಹೇಳ್ರಲಾ."

ಅವನ ಕೈಯಲ್ಲಿದ್ದ ಸುಣ್ಣದ ಕಡ್ಡಿ ಮುರಿಯಿತು. "ಏನಿಲ್ಲ. ಒಳ್ಳೇದಾಗಲಿ" ಅಂದು ಮೆಟ್ಟಿಲೇರಿ ಹೋಗಿಬಿಟ್ಟ. ಮನೆಗೆ ಬೀಗರು ಬಂದರೆ ಅದರಲ್ಲಿ ಒಳ್ಳೆಯದಾಗುವುದೇನು, ಜಿನ್ನವ್ವನಿಗೆ ತಿಳಿಯಲಿಲ್ಲ. ಊರಿಗೆ ಹೋದಳು, ಹೋಳಿಗೆ ಬಡಿಸಿದಳು. ಅವನು ನುಂಗಿಕೊಂಡ ಮಾತು ಏನಿರಬಹುದೆಂದು ಮಾತ್ರ ಎಣಿಸುತ್ತಲೇ ಇದ್ದಳು.

ಸೋಮವಾರ ತಿರುಗಿ ಬಂದಾಗ ಕಾಯಿಪಲ್ಯ ಮಾರುವ ದುಂಡವ್ವ ತಡೆದು ನಿಲ್ಲಿಸಿದಳು. "ಏನ ಕಳ್ಳಿ ಅದಿಯವಾ. ಹುಕ್ಕೇರಿ ಗಂಡು ಗಟ್ಟಿ ಆತಂತ. ಒಂದ ಬೆಲ್ಲದ ಚೂರರೆ ಕೊಡಬಾರದ?"

"ಯಾರ ಹೇಳಿದರ ಆಯಿ?"

"ಹಲಗಿ ಹೇಳತೈತಲ್ಲ."

ಕರಿಹಲಗೆಯ ಎಡಗಡೆ, ಪದ್ಮರಾಜನ ದುಂಡು ಅಕ್ಷರ: 'ನಮ್ಮ ಸಾಲೆಯ ಕುಮಾರಿ ಜಿನ್ನವ್ವ ಅವರ ವಿವಾಹ ಹುಕ್ಕೇರಿಯಲ್ಲಿ ನಿಶ್ಚಯವಾಗಿದೆ. ಶುಭಾಶಯಗಳು.'

ಜಿನ್ನವ್ವ ಎರಡು ಸಲ ಓದಿದಳು. ಸಂತೆಯ ಗಾಡಿಗಳ ಜೊತೆ ಈ ಸುದ್ದಿ ಸಂಜೆಯೊಳಗೆ ಮೂಡಲಗಿ ಮುಟ್ಟುತ್ತದೆ. ಮಗಳ ಹೆಸರು ಕೆಟ್ಟಿತೆಂದು ಅಪ್ಪ ಇನ್ನು ಹೊಸ್ತಿಲು ದಾಟಗೊಡನು. ಅದಕ್ಕಿಂತ ಹೆಚ್ಚಾಗಿ, ಇದನ್ನು ಬರೆದವನು ನಾಳೆ ಹೊರಟು ಹೋಗುತ್ತಾನೆ.

ಮಾಡಿ ಹತ್ತಿದಳು. ಸಭೆ ಮುಗಿದಿದ್ದರೂ ಹುಡುಗರು ಪುಸ್ತಕ ಕಟ್ಟಿಕೊಳ್ಳುತ್ತ ಇನ್ನೂ ಅಲ್ಲೇ ಇದ್ದರು. ಮಾಸ್ತರರ ಎದುರಿಗೇ ಕೇಳಿದಳು. "ಯಾವ ಗಂಡು ಗಟ್ಟಿ ಆತ್ರಿ? ಯಾರು ನೋಡಿದವರು?"

ಪದ್ಮರಾಜ ಎದ್ದು ನಿಂತ. "ಬೀಗರು ಬರ್ತಾರೆ ಅಂದ್ರಲ್ಲ ನೀವೇ."

"ಬೀಗರಂದರ ಬೀಗರ್ರಿ. ನಮ್ಮ ದೊಡ್ಡವ್ವ, ದೊಡ್ಡಪ್ಪ. ಹೊತ್ತು ಮುಳುಗೂದರಾಗ ಉಂಡು ಹೋದರು."

"ನಮ್ಮ ಕಡೆ ಬೀಗರು ಅಂದ್ರೆ ಹೆಣ್ಣು ಕೊಟ್ಟು ತಂದವರು ಮಾತ್ರ."

"ನಮ್ಮ ಕಡೆ ಮನಿಗೆ ಬಂದ ನೆಂಟರೆಲ್ಲಾ ಬೀಗರ."

ಮುರಿಗೆಪ್ಪ ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ಏನಪಾ ಪದ್ಮರಾಜ, ಇನ್ನೊಂದ ಸಲ ಕೇಳಿ ಖಾತ್ರಿ ಮಾಡ್ಕೊಳ್ಳದ ಬಾತ್ಮಿ ಬರೀಬ್ಯಾಡ ಅಂತ ದಿನಾ ಬಡಕೊಂಡೆ. ಯಾಕ ಕೇಳಲಿಲ್ಲ?"

ಅವನು ನೆಲ ನೋಡಿದ. "ಇನ್ನೊಂದು ಸಲ ಅವರ ಬಾಯಿಂದ ಆ ಮಾತು ಕೇಳೋ ಶಕ್ತಿ ಇರಲಿಲ್ಲ ಸಾರ್."

ಮಾಸ್ತರರು ಛತ್ರಿ ತೆಗೆದುಕೊಂಡರು. "ತಿದ್ದುಪಡಿ ಬರದ ಬಿಡ್ರಿ ಇಬ್ಬರೂ ಕೂಡಿ. ನಾ ಚಾ ಕುಡದು ಬರ್ತೇನಿ."

ಇಬ್ಬರೂ ಕೆಳಗಿಳಿದು ಹಲಗೆಯ ಮುಂದೆ ನಿಂತರು. ಒದ್ದೆ ಅರಿವೆಯಿಂದ ಅವನೇ ಒರೆಸಿದ. "ನಾಳೆ ರೈಲು ಬೇಡ. ಮೂಡಲಗಿಗೆ ಹೋಗಿ ನಿಮ್ಮ ತಂದೆಯವರ ಎದುರು ತಪ್ಪು ಒಪ್ಪಿಕೊಳ್ತೀನಿ. ಆಮೇಲೆ... ಶುಕ್ರವಾರದ ಮಾತೂ ಅವರಿಗೇ ಹೇಳ್ತೀನಿ, ನೀವು ಒಪ್ಪಿದ್ರೆ."

ಜಿನ್ನವ್ವ ಹಲಗೆ ಕಡೆಗೇ ನೋಡಿದಳು. "ತಪ್ಪಿನ ಮಾತಿಗೆ ನಾಳೆ ಒಬ್ರ ಹೋಗ್ರಿ. ಇನ್ನೊಂದಕ್ಕ ಒಬ್ರ ಹೋಗಬ್ಯಾಡ್ರಿ. ನಿಮ್ಮ ಕಾಕಾ, ಕಾಕೂನ್ನ ಕರಕೊಂಡು ಹೋಗ್ರಿ."

ಎಡಕ್ಕೆ ಬರೆದಳು: 'ಹಿಂದಿನ ಸುದ್ದಿ ತಪ್ಪು. ವಿವಾಹ ನಿಶ್ಚಯವಾಗಿಲ್ಲ.' ಆಮೇಲೆ ತಡೆದಳು. ಬಲಕ್ಕೆ ಸರಿದು, ಮುಂದಿನ ಕಾರ್ಯಕ್ರಮದ ಕೆಳಗೆ ನಿಧಾನ ಬರೆದಳು: 'ಬರುವ ರವಿವಾರ, ಮೂಡಲಗಿಯ ನೇಮಣ್ಣನವರ ಮನೆಗೆ ಬೀಗರು ಬರುತ್ತಾರೆ.'

ಪದ್ಮರಾಜ ಓದಿದ. ಈ ಸಲ ಕೇಳಿಯೇಬಿಟ್ಟ. "ಯಾರ ಕಡೆ ಅರ್ಥದಲ್ಲಿ?"

"ಈ ಸಲ ನಿಮ್ಮ ಕಡೀದ್ರಿ" ಅಂದಳು ಜಿನ್ನವ್ವ, ಅವನ ಹುಬ್ಬು ನೋಡುತ್ತ. "ಸುಣ್ಣ ಹತ್ತೈತಿ, ಒರಸ್ಕೋರಿ."

ದುಂಡವ್ವ ದಾರಿಯವರೊಬ್ಬರಿಂದ ಹಲಗೆ ಓದಿಸಿಕೊಂಡಳು. "ಬೀಗರು ಬರೂದೂ ಒಂದು ಬಾತ್ಮಿ ಏನವಾ? ನಮ್ಮನ್ಯಾಗ ದಿನಾ ಬಿದ್ದಿರ್ತಾರ" ಅಂದು ಬುಟ್ಟಿ ಎತ್ತಿಕೊಂಡು ಹೋದಳು.