ಬುಧವಾರದ ನಾಡಿ

ತಲೆನೋವಿಗೊಂದು ಬಾಗಿಲು, ಮಂಡಿನೋವಿಗೊಂದು ಬಾಗಿಲು, ಉಬ್ಬಸಕ್ಕೊಂದು, ನಿದ್ದೆ ಬಾರದವರಿಗೊಂದು. ಆಸ್ಪತ್ರೆಯ ಹಿಂಬದಿಯ ಆ ಉದ್ದನೆಯ ಕಾರಿಡಾರ್ ಆಗ ಹಾಗಿತ್ತು. ಹೊಸ ಔಷಧಿಗಳನ್ನು ಜನರ ಮೇಲೆ ಪರೀಕ್ಷೆ ಮಾಡಿ ನೋಡುವ ವಿಭಾಗ ಅದು. ಮೊಬೈಲ್ ಇನ್ನೂ ಬಂದಿರದ ಕಾಲ. ಪೇಪರಿನ ಮೂಲೆಯಲ್ಲಿ, ಬಸ್‌ಸ್ಟಾಪಿನ ಗೋಡೆಯ ಮೇಲೆ ‘ಸ್ವಯಂಸೇವಕರು ಬೇಕಾಗಿದ್ದಾರೆ’ ಅಂತ ಹಾಕಿಸಿದರೆ ಸಾಕು, ಮಾರನೆಯ ಬೆಳಗ್ಗೆ ಬೆಂಚುಗಳು ತುಂಬಿಹೋಗುತ್ತಿದ್ದವು. ಒಬ್ಬರು ರಿಟೈರ್ಡ್ ಮೇಷ್ಟ್ರಂತೂ ಬಾಗಿಲಿಂದ ಬಾಗಿಲಿಗೆ ಅಲೆದು, “ಇದಕ್ಕೂ ನನ್ನ ಸೇರಿಸ್ಕೊಳ್ಳಮ್ಮಾ, ಮನೇಲಿ ಕೂತು ಕೂತು ಬೇಜಾರು” ಎನ್ನುತ್ತಿದ್ದರು.

ಅಂಥದೊಂದು ಬೆಳಗ್ಗೆ ತಲೆನೋವಿನ ಬಾಗಿಲ ಹೊರಗೆ ಜಗಳ ಕೇಳಿಸಿತು.

“ನಾನ್ ಬರಲ್ಲ ಅಂದ್ನಲ್ಲ, ಅಕ್ಕಾ!”

“ಬಾಯ್ಮುಚ್ಕೊಂಡು ಒಳಗೆ ನಡಿ.”

ನರ್ಸ್ ತಲೆಯೆತ್ತಿ ನೋಡಿದಳು. ಗಟ್ಟಿಮುಟ್ಟಾದ ಹೆಂಗಸೊಬ್ಬಳು ತನಗಿಂತ ಎರಡರಷ್ಟು ಎತ್ತರದ ತಮ್ಮನನ್ನು ತೋಳು ಹಿಡಿದು ಎಳೆದುಕೊಂಡು ಬರುತ್ತಿದ್ದಳು.

“ನೋಡಿ ಸಿಸ್ಟರ್, ಉಬ್ಬಸಕ್ಕೆ ಅಂತ ನಾನು ಬಂದಿದ್ದು. ನನ್ನ ಉಬ್ಬಸ ಅವರಿಗೆ ಸಾಲದಂತೆ, ವಾಪಸ್ ಕಳಿಸಿದ್ರು. ಇವನ ತಲೆನೋವು ನೋಡಿ, ಧಾರಾಳವಾಗಿದೆ. ಎಷ್ಟು ಬೇಕೋ ಅಷ್ಟು ತಗೊಳ್ಳಿ!”

ತಮ್ಮ ಬೇರೆ ದಾರಿಯಿಲ್ಲದೆ ಕೂತ. ಕೂತವನು ನರ್ಸಿನ ಮುಖವನ್ನೇ ದಿಟ್ಟಿಸಿದ. ಎಷ್ಟು ಹೊತ್ತು ಅಂದರೆ, ಅವಳಿಗೆ ಸಿಟ್ಟು ಬರುವಷ್ಟು ಹೊತ್ತು.

“ಏನ್ರೀ ಹಾಗೆ ನೋಡ್ತಿದೀರ?”

“ನಿಮ್ಮ ಕನ್ನಡಕ ಬಲಗಡೆ ಇಳಿದಿದೆ, ಮೇಡಂ.”

“ನನ್ನ ಕನ್ನಡಕ ಹಾಗಿರಲಿ. ನಿಮ್ಮ ತಲೆನೋವು ಯಾವ ಕಡೆ, ಅದನ್ನ ಹೇಳಿ.”

“ಅದೂ ಬಲಗಡೆನೇ.”

ಬಾಯಿಗೆ ಬಂದ ನಗುವನ್ನು ಅವಳು ಕಷ್ಟಪಟ್ಟು ನುಂಗಿಕೊಂಡಳು. ಆಸಾಮಿಗೆ ಮಾರ್ಕೆಟ್ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇತ್ತು. ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಜನರಿಗೆಲ್ಲ ಕಣ್ಣು ಕೊಡುವ ಕೆಲಸ. ಆದರೆ ತಲೆನೋವು ಬಂತೆಂದರೆ ಅವನ ಕಣ್ಣೇ ಅವನ ಮಾತು ಕೇಳುತ್ತಿರಲಿಲ್ಲ. ಮೊದಲು ಬೆಳಕು ಮಿಣಮಿಣ ಅನ್ನುತ್ತದೆ, ಆಮೇಲೆ ಎದುರಿಗಿದ್ದವರ ಅರ್ಧ ಮುಖವೇ ಮಾಯ. ಅಂಗಡಿಯ ಶಟರ್ ಎಳೆದು ಹಿಂದಿನ ಕತ್ತಲೆ ಕೋಣೆಯಲ್ಲಿ ಬಿದ್ದುಕೊಳ್ಳಬೇಕು. ವಾರಕ್ಕೆ ಎರಡು ಸಲ ಅಂಗಡಿ ಮುಚ್ಚಿದರೆ ಗಿರಾಕಿಗಳು ಎಷ್ಟು ದಿನ ಕಾಯುತ್ತಾರೆ?

ನರ್ಸ್ ಎಲ್ಲವನ್ನೂ ಬಿಡಿಸಿ ಹೇಳಿದಳು. “ಬಂದವರಲ್ಲಿ ಅರ್ಧ ಜನಕ್ಕೆ ಹೊಸ ಮಾತ್ರೆ. ಇನ್ನರ್ಧ ಜನಕ್ಕೆ ಬರೀ ಸಕ್ಕರೆ ಪುಡಿಯ ಮಾತ್ರೆ, ನೋಡೋಕೆ ಅದೇ ಥರ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ, ದೊಡ್ಡ ಡಾಕ್ಟರಿಗೂ ಗೊತ್ತಿರಲ್ಲ.”

“ಮತ್ತೆ ಯಾರಿಗೆ ಗೊತ್ತು?”

“ಮಾತ್ರೆಗೆ.”

ಅವನು ನಕ್ಕ. ನಕ್ಕಾಗ ಆ ಬಿಗಿದ ಮುಖ ಇದ್ದಕ್ಕಿದ್ದಂತೆ ಹುಡುಗನ ಮುಖವಾಯಿತು. ಸಹಿ ಹಾಕಿಸಿಕೊಂಡು, ನಾಡಿ ನೋಡಿ, ಮಾತ್ರೆಯ ಡಬ್ಬಿ ಕೊಟ್ಟು ಅವಳು ಅವನನ್ನು ಕಳಿಸಿದಳು.

ಅಲ್ಲಿಂದ ಶುರುವಾಯಿತು, ಎರಡು ವಾರಕ್ಕೊಮ್ಮೆ ಬರುವ ಬುಧವಾರ.

ಇಲ್ಲಿ ನರ್ಸಿನ ಒಂದು ಅಭ್ಯಾಸ ಹೇಳಲೇಬೇಕು. ವಿಭಾಗದಲ್ಲಿ ನಾಡಿ ಎಣಿಸುವ ಮೆಷಿನ್ ಇತ್ತು, ಅವಳಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಕಣ್ಣನ್ನು ವಾಚಿನ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸುವವಳು. ಉಳಿದವರು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿ ಮುಗಿಸುತ್ತಿದ್ದರು. ಇವಳದು ಹಾಗಲ್ಲ, ಕೆಲಸವೆಂದರೆ ಕೆಲಸ. ಆ ಒಂದು ನಿಮಿಷ ಇಬ್ಬರೂ ಮಾತಾಡುವ ಹಾಗಿಲ್ಲ. ಅವಳು ವಾಚು ನೋಡಬೇಕು, ಅವನು ಎದುರಿನ ಕ್ಯಾಲೆಂಡರ್ ನೋಡಬೇಕು. ಅವನು ಕ್ಯಾಲೆಂಡರ್ ನೋಡುತ್ತಿಲ್ಲ ಎಂಬುದು ವಾಚು ನೋಡುತ್ತಿದ್ದವಳಿಗೂ ಗೊತ್ತಾಗುತ್ತಿತ್ತು.

ತಲೆನೋವು ಇಳಿಯುತ್ತ ಬಂತು. ಇಸ್ತ್ರಿ ಮಾಡಿದ ಅಂಗಿಗಳು ಬರತೊಡಗಿದವು.

ಒಂದು ಬುಧವಾರ ಕನ್ನಡಕ ಮೂಗಿನಿಂದ ಜಾರಿ ಜಾರಿ ಅವಳಿಗೇ ಸಾಕಾಗಿಹೋಯಿತು. “ತಗೊಳ್ಳಿ, ಅದೇನ್ ಮಾಡ್ತೀರೋ ಮಾಡಿ” ಎಂದು ತೆಗೆದುಕೊಟ್ಟುಬಿಟ್ಟಳು. ಅವನು ಅದರ ಕಡ್ಡಿಯನ್ನು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿ ಚೂರೇ ಚೂರು ಬಾಗಿಸಿದ. ಆಮೇಲೆ, ಅಂಗಡಿಯಲ್ಲಿ ಎಲ್ಲ ಗಿರಾಕಿಗಳಿಗೂ ಮಾಡುವ ಹಾಗೆ, ತಾನೇ ಅವಳ ಮುಖಕ್ಕೆ ಇಟ್ಟ. ಮಬ್ಬಾಗಿದ್ದ ಲೋಕ ಸ್ಪಷ್ಟವಾದಾಗ ಅವಳಿಗೆ ಮೊದಲು ಕಂಡದ್ದು ಒಂದು ಗೇಣು ದೂರದಲ್ಲಿದ್ದ ಅವನ ಕಣ್ಣುಗಳು. ಗಿರಾಕಿಯನ್ನು ನೋಡುವ ಕಣ್ಣು ಅವಲ್ಲ. ಅವನಿಗೂ ಅದು ಆಗಲೇ ಗೊತ್ತಾಗಿರಬೇಕು, ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನೇ ಮರೆತಿದ್ದ.

“ಸರಿಯಾಯ್ತಾ?”

“ಹೂಂ.”

ಅವತ್ತು ಇಬ್ಬರೂ ಅಷ್ಟೇ ಮಾತಾಡಿದ್ದು.

ಅಕ್ಕನಿಗೆ ವಾಸನೆ ಹತ್ತದೆ ಇರುತ್ತದೆಯೇ? ಮುಂದಿನ ಸಲ ಅವಳೂ ಜೊತೆಗೆ ಬಂದಳು. “ಊರೆಲ್ಲಾ ಸಿಸ್ಟರ್ ಅಂತಾರೆ, ನೀನ್ಯಾಕೋ ಮೇಡಂ ಮೇಡಂ ಅಂತೀಯ?” ಅಂತ ಎಲ್ಲರೆದುರಿಗೇ ಕೇಳಿದಳು. ಅವನ ಕಿವಿ ಕೆಂಪಗಾಯಿತು. ಅವನನ್ನು ಔಷಧಿ ಕೌಂಟರಿಗೆ ಅಟ್ಟಿ, ಅಕ್ಕ ನರ್ಸಿನ ಹತ್ತಿರ ದನಿ ತಗ್ಗಿಸಿದಳು.

“ಒಂದು ಸಂಬಂಧ ಹತ್ತಿರ ಬಂದಿತ್ತಮ್ಮ. ಇವನ ತಲೆನೋವು ಕಣ್ಣಾರೆ ನೋಡಿ, ಹುಡುಗನಿಗೆ ಏನೋ ದೊಡ್ಡ ಕಾಯಿಲೆ ಅಂತ ಬಿಟ್ಟುಹೋದ್ರು. ಅವತ್ತಿಂದ ಒಂದೇ ಹಠ. ವಾಸಿಯಾಗೋವರೆಗೂ ಯಾರನ್ನೂ ಕೇಳಲ್ಲ ಅಂತ. ಯಾರನ್ನೋ ಕೇಳ್ಬೇಕು ಅಂತ ಈಗ ಮನಸ್ಸಿಗೆ ಬಂದಿದೆ, ನನಗೆ ಗೊತ್ತಾಗುತ್ತೆ. ಆ ಮಾತ್ರೆ ಮಾತ್ರ ತಪ್ಪಿಸ್ಬೇಡಿ.”

ನರ್ಸ್ ಖಾಲಿ ಟೇಬಲನ್ನೇ ಒರೆಸುತ್ತ ನಿಂತಳು.

ಆದರೆ ಮಾತ್ರೆ ತಪ್ಪುವ ಕಾಲವೇ ಬಂತು. ದೊಡ್ಡ ಡಾಕ್ಟರ್ ಫೈಲ್ ತಿರುವಿಹಾಕಿ ಹುಬ್ಬು ಗಂಟಿಕ್ಕಿದರು.

“ಏನ್ರೀ ಸಿಸ್ಟರ್ ಇದು? ಕನ್ನಡಕದವರ ನಾಡಿ ಮೊದಲೆಲ್ಲ ಸರಿಯಾಗಿತ್ತು. ಈಗ ಬಂದಾಗೆಲ್ಲ ನೂರರ ಮೇಲಿದೆ! ಔಷಧಿ ಹೃದಯಕ್ಕೆ ಬಡೀತಾ ಇದೆಯೋ ಏನೋ. ಈ ಸಲವೂ ಹೀಗೇ ಇದ್ರೆ ನಿಲ್ಲಿಸಿಬಿಡೋದೇ.”

ಅವಳು ಫೈಲನ್ನು ತನ್ನತ್ತ ಎಳೆದುಕೊಂಡಳು. ನಿಲ್ಲಿಸಿದರೆ ಮತ್ತೆ ಶಟರ್, ಮತ್ತೆ ಕತ್ತಲೆ ಕೋಣೆ. ಆ ಬುಧವಾರ ಅವನು ಬಂದು ಕೂರುವುದೇ ತಡ, ಪೊಲೀಸಿನವರ ಹಾಗೆ ವಿಚಾರಣೆಗಿಳಿದಳು.

“ಕಾಫಿ ಕುಡಿದ್ರಾ?”

“ಇಲ್ಲ.”

“ಮೆಟ್ಟಿಲು ಓಡ್ಕೊಂಡು ಹತ್ತಿದ್ರಾ?”

“ಲಿಫ್ಟಲ್ಲಿ ಬಂದೆ.”

“ಏನಾದ್ರೂ ಭಯಾನಾ?”

“ಸ್ವಲ್ಪ.”

“ಯಾವುದಕ್ಕೆ?”

ಅವನು ತನ್ನ ಮಣಿಕಟ್ಟಿನ ಮೇಲಿದ್ದ ಅವಳ ಬೆರಳುಗಳನ್ನು ನೋಡಿದ, ಆಮೇಲೆ ನಿಧಾನವಾಗಿ ಅವಳನ್ನು ನೋಡಿದ. ಬೆರಳಿನ ಕೆಳಗೆ ನಾಡಿ ಎದ್ದು ಕುಣಿಯಿತು. ಅವಳಿಗೆ ಎಣಿಕೆ ತಪ್ಪಿಹೋಯಿತು. ಇಷ್ಟು ವರ್ಷದ ಕೆಲಸದಲ್ಲಿ ಅವಳಿಗೆ ಎಣಿಕೆ ತಪ್ಪಿದ್ದು ಅದೇ ಮೊದಲು.

ಅಷ್ಟರಲ್ಲಿ ಡಾಕ್ಟರೇ ಬಂದರು. “ಇತ್ತ ಕೊಡಿ ಕೈ, ನಾನೇ ನೋಡ್ತೀನಿ. ಸಿಸ್ಟರ್, ಹೊರಗಿನ ಟೇಬಲ್ ಮೇಲೆ ಫೈಲ್ ಇದೆ, ತನ್ನಿ.”

ಅವಳು ಹೋಗಿ ತಂದಳು. ಬಾಗಿಲು ದಾಟಿ ಒಳಗೆ ಬಂದದ್ದೇ ಡಾಕ್ಟರ ಹುಬ್ಬು ಮೇಲೇರಿತು.

“ಇನ್ನೊಂದ್ಸಲ ಹೋಗಿ, ಒಂದು ಪೆನ್ ತನ್ನಿ.”

“ಪೆನ್ ನಿಮ್ಮ ಜೇಬಲ್ಲೇ ಇದೆ, ಡಾಕ್ಟರ್.”

“ಇನ್ನೊಂದು ತನ್ನಿ ಅಂದೆ.”

ಹೋದಳು, ಬಂದಳು. ಡಾಕ್ಟರ್ ಅವನ ಕೈ ಬಿಟ್ಟು ಕುರ್ಚಿಗೊರಗಿ ಹೊಟ್ಟೆ ಕುಲುಕುವಂತೆ ನಕ್ಕರು. “ಔಷಧಿಯದು ಏನೂ ತಪ್ಪಿಲ್ಲ! ನೀವು ಹೊರಗೆ ಹೋದ್ರೆ ಎಪ್ಪತ್ತು, ಒಳಗೆ ಬಂದ್ರೆ ನೂರಾ ಹತ್ತು. ಎಲ್ಲಿ, ನಿಮ್ಮ ನಾಡೀನೂ ಕೊಡಿ ನೋಡೋಣ.”

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅಯ್ಯೋ, ಅದಕ್ಕಿಂತ ದೊಡ್ಡ ಉತ್ತರ ಬೇಕಿತ್ತೇ!

ನಕ್ಕ ಡಾಕ್ಟರೇ ಆಮೇಲೆ ಗಂಭೀರವಾದರು. ಮನಸ್ಸಿಗೆ ಹತ್ತಿರವಾದವರನ್ನು ಪರೀಕ್ಷೆ ಮಾಡುವ ಹಾಗಿಲ್ಲ. ‘ನೋವು ಹೇಗಿದೆ’ ಅಂತ ಕೇಳಿದರೆ ಅವನು ಅವಳನ್ನು ಮೆಚ್ಚಿಸಲು ಕಡಿಮೆ ಅಂದಾನು, ಅವಳು ಅದನ್ನು ಇನ್ನಷ್ಟು ಕಡಿಮೆ ಅಂತ ನಂಬಿಯಾಳು. ಅವಳನ್ನು ಮಂಡಿನೋವಿನ ಬಾಗಿಲಿಗೆ ಹಾಕಿದರು. ಚಳಿಗಾಲ ಕಳೆದು ಪರೀಕ್ಷೆ ಮುಗಿಯುವವರೆಗೆ ಇಬ್ಬರೂ ಎಲ್ಲೂ ಭೇಟಿಯಾಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ.

ಅವತ್ತೇ ಮೆಟ್ಟಿಲ ಹತ್ತಿರ ಅವನು ಅಡ್ಡ ನಿಂತ. “ನಾನು ಈ ಪರೀಕ್ಷೆನೇ ಬಿಟ್ಬಿಡ್ತೀನಿ, ಮೇಡಂ.”

“ಬಿಟ್ರೆ ನನ್ನ ಮುಖ ನೋಡ್ಬೇಡಿ. ಆ ಮಾತ್ರೆಯಿಂದ ನಿಮ್ಮ ಕಣ್ಣು ಉಳಿದಿದೆ.”

“ಅಷ್ಟು ದಿನ ಹೇಗಿರೋದು?”

“ನಾನು ಹೇಗಿರ್ತೀನೋ ಹಾಗೆ” ಅಂದವಳು ಸರಸರ ನಡೆದುಬಿಟ್ಟಳು.

ಈಗ ನೆನೆಸಿಕೊಂಡರೆ ಅವಳಿಗೆ ಆ ಚಳಿಗಾಲವೇ ಎಲ್ಲಕ್ಕಿಂತ ಸಿಹಿ ಅನ್ನಿಸುತ್ತದೆ. ಆಗ ಮಾತ್ರ ದಿನ ಎಣಿಸಿ ಎಣಿಸಿ ಸಾಕಾಗಿಹೋಗಿತ್ತು. ಅವನು ಆ ತುದಿಯ ಬೆಂಚಿನಲ್ಲಿ, ಅವಳು ಈ ತುದಿಯ ಬಾಗಿಲಲ್ಲಿ. ನಡುವೆ ಊರಿನ ಕಾಯಿಲೆಗಳೆಲ್ಲ ಸಾಲಾಗಿ ಕೂತಿರುತ್ತಿದ್ದವು. ಕೆಮ್ಮುವವರ, ಕುಂಟುವವರ, ಆಕಳಿಸುವವರ ತಲೆಗಳ ಮೇಲಿಂದ ಒಂದು ನೋಟ ಹೋಗುತ್ತಿತ್ತು, ಒಂದು ನೋಟ ಬರುತ್ತಿತ್ತು. ಮಂಡಿನೋವಿಗೆ ಆಗಲೇ ಸೇರಿಕೊಂಡಿದ್ದ ರಿಟೈರ್ಡ್ ಮೇಷ್ಟ್ರು ಅವಳ ಎದುರು ಕೂತು, ಗಾಳಿಗೆ ಹೇಳಿದಂತೆ ಹೇಳುತ್ತಿದ್ದರು. “ತಲೆನೋವಿನವರು ಚೆನ್ನಾಗಿದಾರಂತೆ. ನಿಮಗೆ ಹೇಳ್ಬೇಡಿ ಅಂದ್ರು.”

“ಹಾಗಾದ್ರೆ ಹೇಳ್ಬೇಡಿ ಮೇಷ್ಟ್ರೇ” ಎನ್ನುತ್ತಿದ್ದಳು. ಅವತ್ತಿಡೀ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಂತೂ ಪರೀಕ್ಷೆ ಮುಗಿಯಿತು. ಯಾರಿಗೆ ಯಾವ ಮಾತ್ರೆ ಅಂತ ಬಯಲಾಗುವ ದಿನ ಅವಳು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅವನು ಡಾಕ್ಟರ ಕೋಣೆಯಿಂದ ಹೊರಗೆ ಬಂದ. ಮುಖದಲ್ಲಿ ಜೀವವಿರಲಿಲ್ಲ. ಅವಳತ್ತ ಒಂದು ಸಲ ನೋಡಿ, ಹತ್ತಿರವೂ ಬಾರದೆ, ತಲೆ ತಗ್ಗಿಸಿ ಹೊರಟೇಹೋದ.

ಸಕ್ಕರೆ ಪುಡಿ. ಮೊದಲ ದಿನದಿಂದ ಕೊನೆಯ ದಿನದವರೆಗೆ ಅವನು ನುಂಗಿದ್ದು ಬರೀ ಸಕ್ಕರೆ ಪುಡಿ.

ಅವನು ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಅಂತ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಬಂದವಳು ಅಕ್ಕ, ಏದುಸಿರು ಬಿಡುತ್ತ.

“ತಲೆನೋವು ವಾಪಸ್ ಬಂತಮ್ಮ. ನಿನ್ನೆಯಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ. ನಿಮ್ಮನ್ನ ಕರೀಲೇಬೇಡ ಅಂದಿದಾನೆ.”

“ಮತ್ತೆ ಯಾಕೆ ಬಂದ್ರಿ?”

“ಅದಕ್ಕೇ ಬಂದೆ.”

ಅಂಗಡಿಯ ಹಿಂದಿನ ಕೋಣೆಯಲ್ಲಿ ಕಣ್ಣಿಗೆ ಕೈಯೂ ಕಾಣದಷ್ಟು ಕತ್ತಲು. ಅವಳು ತಡವರಿಸಿಕೊಂಡು ಹೋಗಿ ಮಂಚದ ಅಂಚಿನಲ್ಲಿ ಕೂತು, ಒದ್ದೆ ಬಟ್ಟೆ ಹಿಂಡಿ ಅವನ ಹಣೆಯ ಮೇಲಿಟ್ಟಳು. ಕೈ ತಾಗಿದ್ದೇ ಅವನಿಗೆ ಯಾರೆಂದು ಗೊತ್ತಾಯಿತು.

“ಯಾಕೆ ಬಂದ್ರಿ ಮೇಡಂ? ನಾನು ವಾಸಿಯಾಗಿಲ್ಲ. ವಾಸಿಯಾಗಿ ಬಂದು ಕೇಳೋಣ ಅಂತಿದ್ದೆ. ಈಗ ಯಾವ ಬಾಯಲ್ಲಿ ಕೇಳಲಿ?”

“ಇನ್ನರ್ಧ ಜನಕ್ಕೆ ಸಿಕ್ಕಿದ ನಿಜವಾದ ಮಾತ್ರೆ ಚೆನ್ನಾಗಿ ಕೆಲಸ ಮಾಡಿದೆಯಂತೆ. ಮುಂದೆ ನಿಮಗೂ ಸಿಗುತ್ತೆ.”

“ಅದೂ ನನಗೆ ಹಿಡಿಸದೇ ಹೋದ್ರೆ?”

“ಹೋದ್ರೆ ಹೋಗ್ಲಿ! ವಾಸಿಯಾದ ಗಂಡು ಬೇಕು ಅಂತ ನಿಮ್ಮ ಹತ್ರ ಯಾರು ಬಂದು ಹೇಳಿದ್ರು? ನಾನು ಇಷ್ಟಪಟ್ಟಿದ್ದು ತಲೆನೋವಿದ್ದವರನ್ನೇ. ಆ ಹಾಳು ಸಕ್ಕರೆಗೋಸ್ಕರ ಒಂದು ಚಳಿಗಾಲ ನಿಮ್ಮನ್ನ ಬೆಂಚಿನ ಆ ತುದೀಲಿ ಕೂರಿಸಿ ಇಟ್ಟೆ. ಇನ್ನೊಂದು ದಿನಾನೂ ನನ್ನ ಕೈಲಿ ಆಗಲ್ಲ. ಕೇಳೋದಿದ್ರೆ ಈಗ ಕೇಳಿ.”

ಅವಳು ಅಳುತ್ತಿದ್ದಳು. ಅವನು ಕತ್ತಲಲ್ಲಿ ಅವಳ ಕೈ ಹುಡುಕಿ ಹಿಡಿದುಕೊಂಡ. ದನಿ ಏರಿಸಿದರೆ ತಲೆ ಸಿಡಿಯುತ್ತಿತ್ತು, ಹಾಗಾಗಿ ಪಿಸುದನಿಯಲ್ಲೇ ಕೇಳಿದ. ಅವಳೂ ಬಗ್ಗಿ, ಅವನ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೂಂ ಅಂದಳು.

ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಅಕ್ಕನಿಗೆ ಏನೆಂದರೆ ಏನೂ ಕೇಳಿಸಲಿಲ್ಲ. ಎಷ್ಟು ಹೊತ್ತು ತಾನೇ ತಡೆದಾಳು?

“ಏನಂದ್ಲೋ?” ಅಂತ ಓಣಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಒಳಗಿದ್ದವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ನೋವಿನಲ್ಲೇ ಬಿದ್ದು ಬಿದ್ದು ನಗತೊಡಗಿದ.